ಅಟ್ಟದ ಇಲಿಯೊಳಗಿನ ಹಿಮಯುಗ

ಕೊಕ್ಕರ್ಣೆಯ ನೆಲದ ಮೇಲೆ ಹಿಮಗಡ್ಡೆ ನಿಂತದ್ದಿಲ್ಲ. ಸೀತಾನದಿಯ ಬದಿಯ ಈ ಊರಿಗೆ ಗೊತ್ತಿರುವುದು ಹಿಡಿದರೆ ಬಿಡದ ಮಳೆ, ಮಳೆ ಬಿಟ್ಟ ಮೇಲಿನ ಸೆಕೆ, ಧನುರ್ಮಾಸದ ಬೆಳಗಿನ ತುಸು ಚಳಿ. ಭೂಮಿಯ ಉತ್ತರ ಭಾಗದಲ್ಲಿ ಬೆಟ್ಟದಷ್ಟು ದಪ್ಪಕ್ಕೆ ಹಿಮ ಹಾಸಿಕೊಂಡಿದ್ದ ಕಾಲದಲ್ಲೂ ಇಲ್ಲಿಯ ಹೊಳೆ ಹೆಪ್ಪುಗಟ್ಟಿರಲಿಲ್ಲ. ಹಾಗಿದ್ದರೂ ಹಿಮಯುಗದ ದಾಖಲೆಯೊಂದು ಇಲ್ಲಿ ಮನೆಮನೆಯಲ್ಲೂ ಇದೆ. ಅಡಿಕೆ ಚೀಲ ಪೇರಿಸಿಟ್ಟ ಅಟ್ಟದ ಮೇಲೆ, ತೆಂಗಿನ ಮರದ ತಲೆಯಲ್ಲಿ, ಭತ್ತದ ತಿರಿಯ ಸುತ್ತ ರಾತ್ರಿಯಿಡೀ ಓಡಾಡುವ ಇಲಿಯ ಜೀವಕೋಶಗಳಲ್ಲಿ ಅದು ಬರೆದಿಟ್ಟಂತೆ ಉಳಿದಿದೆ.

ಹೀಗೆ ಹೇಳಿದರೆ ನಮ್ಮ ಕಡೆಯ ಹಿರಿಯರು ಕೇಳುವುದು ಒಂದೇ ಮಾತು: "ಎಂತ ಮಾರಾಯ್ರೆ, ಇಲಿಗೂ ಚರಿತ್ರೆ ಇತ್ತಾ?" ಇದೆ. ಬಾರ್ಕೂರಿನ ಆಳುಪರ ಚರಿತ್ರೆಗಿಂತ, ಮನುಷ್ಯ ಈ ಕರಾವಳಿಗೆ ಕಾಲಿಟ್ಟದ್ದಕ್ಕಿಂತ ಬಹಳ ಹಳೆಯ ಚರಿತ್ರೆ. ಅದನ್ನು ಓದಲು ಕಲಿತದ್ದು ಹೇಗೆ ಎಂಬುದೇ ಒಂದು ಕತೆ. ಒಬ್ಬ ವಿಜ್ಞಾನಿ ಒಂದು ದಿನ ಎದ್ದು ಕಂಡುಹಿಡಿದದ್ದಲ್ಲ ಇದು. ಸ್ವಿಟ್ಜರ್ಲೆಂಡಿನ ಬಂಡೆ, ಧಾರವಾಡದ ಹೊಲ, ಅಮೆರಿಕದ ಗುಹೆ, ನೀಲಗಿರಿಯ ಜೌಗು, ಜಪಾನಿನ ಸೂಕ್ಷ್ಮದರ್ಶಕ, ಇಷ್ಟೂ ಕಡೆ ಸಿಕ್ಕ ಚೂರುಗಳನ್ನು ಬೇರೆಬೇರೆ ಕಾಲದ ಜನ ಒಂದರ ಪಕ್ಕ ಒಂದು ಇಟ್ಟು ನೋಡಿದ್ದು.

ಮೊದಲ ಚೂರು ಎಲ್ಲರಿಗೂ ತಿಳಿದದ್ದೇ. 1837ರಲ್ಲಿ ನ್ಯೂಶಾಟೆಲ್ ಊರಿನಲ್ಲಿ ಲೂಯಿ ಅಗಾಸಿಸ್ ಎಂಬ ಪ್ರಾಧ್ಯಾಪಕ ಎದ್ದುನಿಂತು, ಜೂರಾ ಬೆಟ್ಟದ ಸುಣ್ಣಕಲ್ಲಿನ ಮೇಲೆ ಬಿದ್ದಿರುವ ಗ್ರಾನೈಟ್ ಬಂಡೆಗಳನ್ನು ಆಲ್ಪ್ಸ್‌ನಿಂದ ಹೊತ್ತು ತಂದದ್ದು ಹಿಮ ಎಂದರು. ಒಂದು ಕಾಲಕ್ಕೆ ಯುರೋಪಿನ ದೊಡ್ಡ ಭಾಗ ಹಿಮದಡಿಯಲ್ಲಿತ್ತು ಎಂಬ ಮಾತು ಅಲ್ಲಿಂದ ಶುರುವಾಯಿತು. ಈ ವಿಚಾರ ಭಾರತಕ್ಕೂ ಬಂತು. 1879ರಲ್ಲಿ ಹೊರಬಂದ ಭಾರತದ ಭೂವಿಜ್ಞಾನದ ಕೈಪಿಡಿಯಲ್ಲಿ ವಿಲಿಯಂ ಬ್ಲಾನ್‌ಫರ್ಡ್ ಒಂದು ಪ್ರಶ್ನೆ ಎತ್ತಿಕೊಂಡರು. ಹಿಮಾಲಯದ ತಂಪಿನಲ್ಲಿ ಬೆಳೆಯುವ ಜೀವಿಗಳ ಹತ್ತಿರದ ನೆಂಟರು ದಕ್ಷಿಣದ ಬೆಟ್ಟಗಳ ತಲೆಯ ಮೇಲೆ ಮಾತ್ರ ಇದ್ದಾರೆ, ನಡುವಿನ ಬಿಸಿ ಬಯಲಿನಲ್ಲಿ ಇಲ್ಲ. ಅವು ದಾಟಿ ಬಂದದ್ದಾದರೂ ಹೇಗೆ? ಹಿಮಯುಗದಲ್ಲಿ ಬಯಲೂ ತಂಪಾಗಿತ್ತು, ಆಗ ಇಳಿದು ಬಂದವು, ಬಿಸಿ ಮರಳಿದಾಗ ಬೆಟ್ಟ ಹತ್ತಿ ಅಲ್ಲೇ ಉಳಿದವು ಎಂಬುದು ಅವರ ಉತ್ತರ.

ಇಂಥ ವಾದಕ್ಕೆ ಬಹುಕಾಲ ಮುಂದಿಡುತ್ತಿದ್ದ ಸಾಕ್ಷಿ ನೀಲಗಿರಿಯ ವರಯಾಡು ಎಂಬ ಬೆಟ್ಟದ ಪ್ರಾಣಿ. ಅದು ಹಿಮಾಲಯದ ಥಾರ್ ಮೇಕೆಯ ಒಡಹುಟ್ಟು ಎಂದೇ ಎಲ್ಲರೂ ನಂಬಿದ್ದರು. 2005ರಲ್ಲಿ ಡಿಎನ್‌ಎ ನೋಡಿದಾಗ ವರಯಾಡು ಕುರಿಯ ಕಡೆಯ ನೆಂಟ, ಥಾರ್ ಆದರೋ ಮೇಕೆಯ ಕಡೆಯದು ಎಂದು ತಿಳಿಯಿತು. ಸಾಕ್ಷಿ ಬಿದ್ದುಹೋಯಿತು. ಆದರೆ ಹಿಮಯುಗದ ಪೆಟ್ಟು ಹಿಮ ಬೀಳದ ದಕ್ಷಿಣಕ್ಕೂ ತಟ್ಟಿತ್ತು ಎಂಬ ಬ್ಲಾನ್‌ಫರ್ಡರ ಮೂಲ ಊಹೆ ಬೀಳಲಿಲ್ಲ. ಅದಕ್ಕೆ ಬೇಕಿದ್ದುದು ಇನ್ನೂ ಒಳ್ಳೆಯ ಸಾಕ್ಷಿ, ದೊಡ್ಡ ಪ್ರಾಣಿಗಿಂತ ಸಣ್ಣ ಪ್ರಾಣಿಯ ಸಾಕ್ಷಿ.

ಸಣ್ಣ ಪ್ರಾಣಿಯೇ ಏಕೆ? ಆನೆ ಒಂದು ಕಾಡು ಒಣಗಿದರೆ ಇನ್ನೊಂದಕ್ಕೆ ನಡೆದುಬಿಡುತ್ತದೆ. ಮೂಗಿಲಿ ಹಾಗೆ ಮಾಡಲಾರದು. ಅದರ ಲೋಕವೆಲ್ಲ ಒಂದು ಹಾಡಿ, ಒಂದು ತೊರೆಯ ದಡ. ಹಾಡಿಗಳ ನಡುವಿನ ಕಾಡು ಹೋದರೆ ಅದು ಅಲ್ಲೇ ಸಿಕ್ಕಿಬೀಳುತ್ತದೆ, ಮಕ್ಕಳು ಮೊಮ್ಮಕ್ಕಳೂ ಅಲ್ಲೇ. ಇಲಿಯ ಆಯಸ್ಸು ಹೆಚ್ಚೆಂದರೆ ಒಂದೆರಡು ವರ್ಷ, ಆದ್ದರಿಂದ ಸಾವಿರ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ತಲೆಮಾರು ದಾಟುತ್ತದೆ. ಬೇರೆಯಾದ ಎರಡು ಗುಂಪುಗಳಲ್ಲಿ ಬೇರೆಬೇರೆ ಬದಲಾವಣೆ ಸೇರುತ್ತಾ ಹೋಗುತ್ತದೆ. ಗುಂಪು ತೀರಾ ಸಣ್ಣದಾದರೆ ಇದ್ದ ವೈವಿಧ್ಯವೂ ತಲೆಮಾರಿಗೊಂದಿಷ್ಟು ಸೋರಿಹೋಗುತ್ತದೆ. ಕಾಡು ಹರಡಿದಾಗ ಉಳಿದ ಕೆಲವರ ಸಂತಾನವೇ ಎಲ್ಲ ಕಡೆ ತುಂಬಿಕೊಳ್ಳುತ್ತದೆ, ಆ ಗುರುತೂ ಉಳಿಯುತ್ತದೆ.

ನಮ್ಮ ನಾಡಿನ ಇಲಿಗಳನ್ನು ಮೊದಲು ಮುತುವರ್ಜಿಯಿಂದ ನೋಡಿದವರು ಯಾರೆಂದರೆ, ಕಿತ್ತೂರಿನ ಕೋಟೆಯಲ್ಲಿ ಸೆರೆಯಿದ್ದವರು. 1824ರ ಅಕ್ಟೋಬರಿನಲ್ಲಿ ಬ್ರಿಟಿಷ್ ಅಧಿಕಾರಿ ಥ್ಯಾಕರೆ ಸತ್ತ ಕದನದಲ್ಲಿ ರಾಣಿ ಚೆನ್ನಮ್ಮನ ಕಡೆಯವರು ಹಿಡಿದಿಟ್ಟುಕೊಂಡ ಇಬ್ಬರು ಅಧಿಕಾರಿಗಳಲ್ಲಿ ಒಬ್ಬರು ವಾಲ್ಟರ್ ಎಲಿಯಟ್. ಸೆರೆಯಲ್ಲಿ ಪ್ರಾಣಕ್ಕೆ ಅಪಾಯವಾಗದೆ ಬಿಡುಗಡೆಯಾಗಿ ಬಂದ ಈತ ಮುಂದೆಯೂ ಧಾರವಾಡದ ಸೀಮೆಯಲ್ಲೇ ಕೆಲಸ ಮಾಡಿದರು. ಶಾಸನ, ನಾಣ್ಯ, ಪ್ರಾಣಿ, ಎಲ್ಲದರಲ್ಲೂ ಅವರಿಗೆ ಆಸಕ್ತಿ. 1839ರಲ್ಲಿ ಮದ್ರಾಸಿನ ಪತ್ರಿಕೆಯೊಂದರಲ್ಲಿ ಆ ಸೀಮೆಯ ಸಸ್ತನಿಗಳ ಪಟ್ಟಿ ಪ್ರಕಟಿಸಿದರು. ಇಲಿ ಹೆಗ್ಗಣಗಳ ಬಗ್ಗೆ ಅವರಿಗೆ ಹೇಳಿಕೊಟ್ಟವರು ಹೊಲದಲ್ಲಿ ಬಿಲ ಅಗೆಯುವ, ಇಲಿಯ ಬಿಲದಿಂದ ಕಾಳು ತೆಗೆಯುವ ಒಡ್ಡ ಸಮುದಾಯದವರು. ಯಾವುದು ಕೆರೆ ಏರಿಯಲ್ಲಿ ಇರುತ್ತದೆ, ಯಾವುದು ಕರಿನೆಲದ ಬಿರುಕಿನಲ್ಲಿ ಇರುತ್ತದೆ, ಯಾವುದು ಪೊದೆಯಲ್ಲಿ ಗೂಡು ಮಾಡುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಅವರು ಕರೆಯುತ್ತಿದ್ದ ಹೆಸರುಗಳೇ ಲ್ಯಾಟಿನ್ ಹೆಸರುಗಳೊಳಗೆ ಸೇರಿ ಇಂದಿಗೂ ಲೋಕದ ಎಲ್ಲ ವಸ್ತುಸಂಗ್ರಹಾಲಯಗಳಲ್ಲಿ ನಡೆಯುತ್ತಿವೆ. ಈ ಋಣವನ್ನು ನಮ್ಮ ವಿಜ್ಞಾನದ ಪುಸ್ತಕಗಳು ಹೇಳಬೇಕಿತ್ತು.

ಎಲಿಯಟ್ ನಂತರ ಸುಮಾರು ಮುಕ್ಕಾಲು ಶತಮಾನಕ್ಕೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ದೇಶದ ಸಸ್ತನಿಗಳ ಸಮೀಕ್ಷೆಗೆ ಕೈಹಾಕಿತು. ಅದರ ಸಂಗ್ರಾಹಕರು ಧಾರವಾಡ, ಕೆನರಾ, ಕೊಡಗು, ಮೈಸೂರು ಸುತ್ತಿ ಇಲಿ, ಅಳಿಲು, ಬಾವಲಿ ಎಲ್ಲವನ್ನೂ ಕೂಡಿಹಾಕಿದರು. ಆ ಚರ್ಮ, ತಲೆಬುರುಡೆಗಳನ್ನು ಲಂಡನ್ನಿನಲ್ಲಿ ಕೂತು ಅಳೆದ ಮಾರ್ಟಿನ್ ಹಿಂಟನ್ 1918ರಲ್ಲಿ ಮನೆ ಇಲಿಯ ಹಲವು ಉಪಪ್ರಭೇದಗಳನ್ನು ಹೆಸರಿಸಿದರು. ಅದರಲ್ಲಿ ಸಾತಾರಾ ಸೀಮೆಯ ಕಾಡಿನ ಇಲಿಯೂ ಒಂದು. ಅದಕ್ಕೆ ಸತಾರೆ ಎಂದೇ ಹೆಸರಿಟ್ಟರು. ಮನೆ ಇಲಿಯದೇ ಒಂದು ಕಾಡು ರೂಪ ಎಂದು ಅಲ್ಲಿಗೆ ಆ ಕಡತ ಮುಚ್ಚಿತು. ಮತ್ತೆ ತೆರೆದುಕೊಂಡದ್ದು ತೊಂಬತ್ತು ಚಿಲ್ಲರೆ ವರ್ಷದ ಮೇಲೆ.

ಅಷ್ಟರಲ್ಲಿ ಇಲಿಯ ಒಳಗನ್ನು ನೋಡುವ ವಿದ್ಯೆ ಬೆಳೆದಿತ್ತು. ಜಪಾನಿನ ಮಿಶಿಮಾದ ರಾಷ್ಟ್ರೀಯ ತಳಿವಿಜ್ಞಾನ ಸಂಸ್ಥೆಯ ತೊಶಿಹಿದೆ ಯೊಶಿದಾ ಅವರು ದೇಶದೇಶಗಳ ಕಪ್ಪಿಲಿಗಳ ವರ್ಣತಂತುಗಳನ್ನು ಎಣಿಸಿದರು. ನಮ್ಮ ಮನೆ ಇಲಿಯೇ ಪುಸ್ತಕಗಳಲ್ಲಿ ಕಪ್ಪಿಲಿ. ಜಪಾನಿನ ಇಲಿಯಲ್ಲಿ 42, ಶ್ರೀಲಂಕಾದ್ದರಲ್ಲಿ 40, ಯುರೋಪ್, ಅಮೆರಿಕ, ಆಸ್ಟ್ರೇಲಿಯಾಗಳಿಗೆ ಹಡಗೇರಿ ಹೋದ ಇಲಿಯಲ್ಲಿ 38. ಎರಡೆರಡು ವರ್ಣತಂತುಗಳು ಬೆಸೆದುಕೊಂಡು 42 ಇದ್ದದ್ದು 40 ಆಗಿ, ಮತ್ತೊಮ್ಮೆ ಬೆಸೆದು 38 ಆಗಿದೆ ಎಂದು ಯೊಶಿದಾ ತರ್ಕಿಸಿದರು. ಆ ಬೆಸುಗೆ ನಡೆದ ಜಾಗವೆಂದು ಅವರು ಬೆಟ್ಟು ಮಾಡಿದ್ದು ದಕ್ಷಿಣ ಭಾರತವನ್ನು. ಅಂದರೆ ಲಂಡನ್ನಿನ ಬಂದರು, ಸಿಡ್ನಿಯ ಗೋದಾಮು, ಎಲ್ಲ ಕಡೆಯ ಕಪ್ಪಿಲಿಯ ತವರು ನಮ್ಮ ಕಡೆ. ಸೂಕ್ಷ್ಮದರ್ಶಕ ಊರನ್ನು ತೋರಿಸಿತು. ಕಾಲವನ್ನು ಹೇಳಲು ಅದಕ್ಕೆ ಆಗುವುದಿಲ್ಲ.

ಕಾಲದ ಲೆಕ್ಕ ಸಿಕ್ಕಿದ್ದು ಮೈಟೊಕಾಂಡ್ರಿಯದ ಡಿಎನ್‌ಎಯಿಂದ. ಇದು ತಾಯಿಯಿಂದ ಮಾತ್ರ ಬರುತ್ತದೆ, ಗಂಡುಮಕ್ಕಳಿಗೂ ಸಿಗುತ್ತದೆ, ಆದರೆ ಅವರ ಮಕ್ಕಳಿಗೆ ದಾಟುವುದಿಲ್ಲ. ಅಳಿಯಸಂತಾನದ ಮನೆತನಗಳಲ್ಲಿ ತಾಯಿಯ ಬಳಿಯೇ ಮಕ್ಕಳ ಬಳಿಯಾಗುವ ಹಾಗೆ ಎಂದರೆ ನಮ್ಮವರಿಗೆ ಬೇರೆ ವಿವರಣೆ ಬೇಡ. ತಂದೆಯ ಕಡೆಯದು ಬೆರೆಯದ ಕಾರಣ ಒಂದು ಗೆರೆ ಹಿಡಿದು ಹಿಂದಕ್ಕೆ ಹೋಗಬಹುದು, ಎರಡು ಬಳಿ ಕವಲೊಡೆದ ಜಾಗವನ್ನು ಮುಟ್ಟಬಹುದು.

ಅಮೆರಿಕದ ಜಾನ್ ಏವಿಸ್ ಮತ್ತು ಸಂಗಡಿಗರು 1979ರಲ್ಲಿ ಇದನ್ನು ಮಾಡಿ ತೋರಿಸಿದರು. ಅವರು ಆರಿಸಿಕೊಂಡದ್ದು ಗೋಫರ್ ಎಂಬ, ಗಲ್ಲದಲ್ಲಿ ಚೀಲವಿರುವ, ನಮ್ಮ ಹೆಗ್ಗಣದಂತೆ ನೆಲ ಕೊರೆದು ಬದುಕುವ ಪ್ರಾಣಿ. ಅಲಬಾಮಾ, ಜಾರ್ಜಿಯಾ, ಫ್ಲೋರಿಡಾಗಳಿಂದ 87 ಗೋಫರ್ ಹಿಡಿದು ನೋಡಿದರೆ, ಹೊರಗೆ ಒಂದೇ ಥರ ಕಾಣುವ ಪ್ರಾಣಿ ಒಳಗೆ ಪೂರ್ವದ್ದೊಂದು, ಪಶ್ಚಿಮದ್ದೊಂದು ಎಂದು ಎರಡಾಗಿ ಒಡೆದಿತ್ತು. ನಕ್ಷೆಯ ಮೇಲೆ ವಂಶವೃಕ್ಷ ಹರಡಿ ನೋಡುವ ಹೊಸ ಶಾಸ್ತ್ರವೊಂದು ಅಲ್ಲಿ ಹುಟ್ಟಿತು. ಬ್ರಿಟನ್ನಿನ ಗಾಡ್‌ಫ್ರಿ ಹೆವಿಟ್ ಇದನ್ನು ಯುರೋಪಿನ ಮೇಲೆ ಇಟ್ಟು ನೋಡಿದರು. ಅಲ್ಲಿಯ ಮುಳ್ಳುಮೈ ಹೆಜ್‌ಹಾಗ್‌ನ ಡಿಎನ್‌ಎ ಪಟ್ಟೆಪಟ್ಟೆಯಾಗಿ ಬೇರ್ಪಟ್ಟಿತ್ತು. ಹಿಮ ಕವಿದಾಗ ಸ್ಪೇನ್, ಇಟಲಿ, ಬಾಲ್ಕನ್ ಮೂಲೆಗಳಲ್ಲಿ ಅಡಗಿ ಉಳಿದ ಗುಂಪುಗಳು ಹಿಮ ಕರಗಿದ ಮೇಲೆ ಉತ್ತರಕ್ಕೆ ನಡೆದ ದಾರಿಗಳು ಅವು.

ಯುರೋಪಿನವರಿಗೆ ಇದು ಸಲೀಸು. ಅಲ್ಲಿ ಹಿಮ ಎಲ್ಲಿ ನಿಂತಿತ್ತು ಎಂಬುದಕ್ಕೆ ಗೀಚಿದ ಬಂಡೆ ಇದೆ. ನಮ್ಮಲ್ಲಿ ಹಿಮಯುಗ ಏನು ಮಾಡಿತ್ತು ಎಂಬುದನ್ನೇ ಮೊದಲು ತಿಳಿಯಬೇಕಿತ್ತು.

ಅದರ ಒಂದು ಸುಳಿವು ನಮ್ಮ ಕಡಲಿನಿಂದಲೇ ಬಂತು. ಭಾರತದ ನೈಋತ್ಯ ಕರಾವಳಿಯಾಚೆ ಸಮುದ್ರದ ತಳದಿಂದ ತೆಗೆದ ಕೆಸರಿನ ಕೊಳವೆಗಳಲ್ಲಿದ್ದ ಪರಾಗವನ್ನು ಎಲಿಸ್ ವಾನ್ ಕಾಂಪೋ ಎಣಿಸಿದರು. ಹೊಳೆಗಳು ಘಟ್ಟದಿಂದ ಹೊತ್ತು ತಂದು ಕಡಲಿಗೆ ಸುರಿದ ಪರಾಗ ಅದು. 1986ರಲ್ಲಿ ಬಂದ ಅವರ ಬರಹದ ಪ್ರಕಾರ ಸುಮಾರು 22 ಸಾವಿರದಿಂದ 18 ಸಾವಿರ ವರ್ಷಗಳ ಹಿಂದಿನ ಕಾಲ ಬಲು ಒಣಕಲು, ಸುಮಾರು 11 ಸಾವಿರ ವರ್ಷಗಳ ಹಿಂದೆ ಮಳೆ ಅತಿ ಹೆಚ್ಚು.

ಎರಡನೆಯ ಸುಳಿವು ಬೆಂಗಳೂರಿನದು, ನನಗೆ ಬಹಳ ಮೆಚ್ಚುಗೆಯಾದದ್ದು. ಆನೆಗಳ ಅಧ್ಯಯನಕ್ಕೆ ಹೆಸರಾದ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ನೀಲಗಿರಿಯ ಜೌಗಿನ ಕಡೆ ಕಣ್ಣು ಹಾಯಿಸಿದರು. ಅಲ್ಲಿಯ ತಗ್ಗುಗಳಲ್ಲಿ ಸತ್ತ ಗಿಡ ಪೂರ್ತಿ ಕೊಳೆಯದೆ ಕಪ್ಪು ಪದರವಾಗಿ ಸಾವಿರಾರು ವರ್ಷ ಕೂತಿದೆ. ಆ ಕಪ್ಪು ಮಣ್ಣಿನ ಇಂಗಾಲವನ್ನು ಅಳೆದರೆ ಅಲ್ಲಿ ಯಾವ ಬಗೆಯ ಗಿಡವಿತ್ತು ಎಂದು ತಿಳಿಯುತ್ತದೆ. ಇದು ಹೇಗೆ ಎಂದು ಸ್ವಲ್ಪ ಬಿಡಿಸಿ ಹೇಳಬೇಕು. ಗಾಳಿಯಲ್ಲಿ ಸಾಮಾನ್ಯ ಇಂಗಾಲದ ಜತೆ ತುಸು ಭಾರದ ಇಂಗಾಲ-13 ಕೂಡ ಇರುತ್ತದೆ. ಕಾಡಿನ ಮರ, ನಮ್ಮ ಗದ್ದೆಯ ಭತ್ತ, ಇವು ಭಾರದ್ದನ್ನು ಹೆಚ್ಚಾಗಿ ಬಿಟ್ಟುಬಿಡುತ್ತವೆ. ಕಬ್ಬು, ಜೋಳ, ರಾಗಿ, ಒಣಸೀಮೆಯ ಬಹುಪಾಲು ಹುಲ್ಲು ಬೇರೆ ಬಗೆಯಲ್ಲಿ ಆಹಾರ ತಯಾರಿಸುವುದರಿಂದ ಅವುಗಳ ಮೈಯಲ್ಲಿ ಭಾರದ ಇಂಗಾಲದ ಪಾಲು ಹೆಚ್ಚು. ಗಿಡ ಸತ್ತು ಮಣ್ಣಾದರೂ ಈ ಲೆಕ್ಕ ಅಳಿಯುವುದಿಲ್ಲ. ಪದರದ ವಯಸ್ಸನ್ನು ಇಂಗಾಲ-14 ಹೇಳುತ್ತದೆ, ಆ ವಯಸ್ಸಿನಲ್ಲಿ ಮಳೆಕಾಡೋ ಒಣಹುಲ್ಲೋ ಎಂಬುದನ್ನು ಇಂಗಾಲ-13 ಹೇಳುತ್ತದೆ.

ಅಹಮದಾಬಾದಿನ ಭೌತಶಾಸ್ತ್ರ ಪ್ರಯೋಗಾಲಯದ ಆರ್. ರಮೇಶ್ ಮೊದಲಾದವರ ಜತೆ ಸುಕುಮಾರ್ ಬರೆದ ಲೇಖನ 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಹಿಮಯುಗದ ಉತ್ತುಂಗದಲ್ಲಿ ನೀಲಗಿರಿಯ ತಲೆಯ ಮೇಲೆ ಒಣನೆಲದ ಹುಲ್ಲು ಗೆದ್ದಿತ್ತು. ಹಿಮ ಕರಗುತ್ತಿದ್ದಂತೆ ಮುಂಗಾರು ಬಲಗೊಂಡು ತೇವ ಬಯಸುವ ಗಿಡಗಳು ಮರಳಿದವು. ದೂರದ ಧ್ರುವದಲ್ಲಿ ನೀರು ಹಿಮವಾಗಿ ಕಟ್ಟಿಕೊಂಡರೆ ಇಲ್ಲಿ ಮುಂಗಾರು ಸೊರಗುತ್ತದೆ. ಹಿಮಯುಗ ನಮ್ಮ ಪಾಲಿಗೆ ಬರಗಾಲದ ಯುಗ.

ಆ ಕಾಲದ ಕರಾವಳಿಯನ್ನು ಊಹಿಸಿಕೊಳ್ಳಿ. ಸಮುದ್ರ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗೆ. ಸೀತೆ, ಸುವರ್ಣೆಯರು ಕಡಲು ಸೇರುವ ಹಂಗಾರಕಟ್ಟೆಯ ಅಳಿವೆಯಿಂದ ಪಡುವಣಕ್ಕೆ ಹತ್ತಾರು ಕಿಲೋಮೀಟರ್ ಒಣನೆಲ. ಇವತ್ತು ದೋಣಿಯವರು ಬಲೆ ಬೀಸುವ ಜಾಗವೆಲ್ಲ ಬಯಲು. ಮಳೆ ಸೊರಗಿದಾಗ ನಿತ್ಯಹಸಿರು ಕಾಡು ಹಿಂದೆ ಸರಿದು ತೇವ ಉಳಿದ ಘಟ್ಟದ ಕಣಿವೆಗಳಲ್ಲಿ ತುಂಡುತುಂಡಾಗಿ ನಿಲ್ಲುತ್ತದೆ. ಅದರೊಳಗಿನ ಇಲಿ, ಮೂಗಿಲಿ, ಅಳಿಲುಗಳೂ ತುಂಡುತುಂಡು. ಇದು ಒಮ್ಮೆ ಆಗಿ ಮುಗಿದದ್ದಲ್ಲ. ಕಳೆದ ಏಳೆಂಟು ಲಕ್ಷ ವರ್ಷಗಳಲ್ಲಿ ಸುಮಾರು ಲಕ್ಷ ವರ್ಷಕ್ಕೊಮ್ಮೆ ಹಿಮ ಬೆಳೆದು, ಕರಗಿ, ಮತ್ತೆ ಬೆಳೆದಿದೆ.

ಹವೆ ಬದಲಾದರೆ ಇಲಿಯ ಡಿಎನ್‌ಎ ನಿಜಕ್ಕೂ ಬದಲಾಗುತ್ತದೆಯೇ? ಊಹೆಯ ಮಾತು ಸಾಲದು, ಕಣ್ಣಾರೆ ತೋರಿಸಬೇಕು. ಅದನ್ನು ತೋರಿಸಿದ ಕೆಲಸದಲ್ಲಿ ಬೆಂಗಳೂರಿನ ಇನ್ನೊಬ್ಬರ ಪಾಲಿದೆ. ಅಮೆರಿಕದ ಯೆಲ್ಲೊಸ್ಟೋನ್ ಕಾಡಿನಲ್ಲಿ ಲಮಾರ್ ಎಂಬ ಗುಹೆ ಇದೆ. ಅಲ್ಲಿ ವಾಸಿಸುವ ಒಂದು ಜಾತಿಯ ಕಾಡಿಲಿಗೆ ಕಂಡದ್ದನ್ನೆಲ್ಲ ಕೂಡಿಡುವ ಚಾಳಿ. ಗೂಬೆ ಹದ್ದುಗಳು ಕಕ್ಕಿದ ಉಂಡೆ, ನರಿಗಳ ಹಿಕ್ಕೆ, ಎಲ್ಲವನ್ನೂ ಹೊತ್ತು ತಂದು ಗುಹೆಯಲ್ಲಿ ಸೇರಿಸುತ್ತದೆ. ಆ ಉಂಡೆಗಳ ತುಂಬ ಸಣ್ಣ ಪ್ರಾಣಿಗಳ ಮೂಳೆ, ಹಲ್ಲು. ಹೀಗೆ ಸುಮಾರು 3 ಸಾವಿರ ವರ್ಷಗಳ ಮೂಳೆ ಪದರಪದರವಾಗಿ ಅಲ್ಲಿ ಕೂತಿತ್ತು. ಸ್ಟ್ಯಾನ್‌ಫರ್ಡ್‌ನ ಎಲಿಜಬೆತ್ ಹ್ಯಾಡ್ಲಿ ಆ ಮೂಳೆಗಳಿಂದ ಡಿಎನ್‌ಎ ತೆಗೆದರು. ಅದನ್ನು ಲೆಕ್ಕದ ಒರೆಗೆ ಹಚ್ಚಿದವರಲ್ಲಿ ಉಮಾ ರಾಮಕೃಷ್ಣನ್ ಒಬ್ಬರು. ಮುಂದೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಎನ್‌ಸಿಬಿಎಸ್ ಸೇರಿ ಹುಲಿಗಳ ತಳಿವಿಜ್ಞಾನಕ್ಕೆ ಹೆಸರಾದವರು.

2004ರಲ್ಲಿ ಬಂದ ಅವರ ಫಲಿತಾಂಶ ಎಲ್ಲರೂ ಎಣಿಸಿದ್ದಕ್ಕಿಂತ ಸೂಕ್ಷ್ಮವಾಗಿತ್ತು. ಮಧ್ಯಯುಗದ ಬಿಸಿ ಕಾಲದಲ್ಲಿ ಗೋಫರ್ ಮತ್ತು ವೋಲ್ ಎಂಬ ಹುಲ್ಲುಗಾವಲಿನ ಇಲಿ, ಎರಡರ ಸಂಖ್ಯೆಯೂ ಕುಸಿದಿತ್ತು. ಆದರೆ ಗೋಫರ್‌ನ ತಳಿ ವೈವಿಧ್ಯ ಇಳಿದರೆ ವೋಲ್‌ನದು ಏರಿತ್ತು. ಗೋಫರ್ ತನ್ನ ಬಿಲ ಬಿಟ್ಟು ದೂರ ಹೋಗುವುದಿಲ್ಲ, ಇದ್ದಲ್ಲೇ ಕಡಿಮೆಯಾಯಿತು. ವೋಲ್ ತಿರುಗಾಡುತ್ತದೆ, ಆದ್ದರಿಂದ ಅಕ್ಕಪಕ್ಕದ ಗುಂಪಿನವು ಬಂದು ಬೆರೆತವು. ಹವೆಯ ಪೆಟ್ಟು ಒಂದೇ, ಬಿದ್ದ ಗುರುತು ಬೇರೆ. ಪ್ರಾಣಿ ಎಷ್ಟು ನಡೆಯಬಲ್ಲದು ಎಂಬುದರ ಮೇಲೆ ಅದರ ಚರಿತ್ರೆ ನಿಂತಿದೆ ಎಂಬ ಈ ಒಂದು ಮಾತು ನಮ್ಮ ಘಟ್ಟವನ್ನು ಅರಿಯಲು ಕೀಲಿಕೈ.

ಈಗ ಅಟ್ಟದ ಇಲಿಗೆ ಬರೋಣ. ಆಸ್ಟ್ರೇಲಿಯಾದ ಕೆನ್ ಆಪ್ಲಿನ್ ಮತ್ತು ಹಲವು ದೇಶಗಳ ಸಂಗಡಿಗರು ಜಗತ್ತಿನ ನಾನಾ ಕಡೆಯ ಕಪ್ಪಿಲಿಗಳ ತಾಯಿಗೆರೆಯ ಡಿಎನ್‌ಎ ಓದಿ 2011ರಲ್ಲಿ ಪ್ರಕಟಿಸಿದರು. ಕಪ್ಪಿಲಿ ಎಂದು ನಾವು ಒಂದೇ ಹೆಸರಿನಿಂದ ಕರೆಯುವ ಪ್ರಾಣಿಯಲ್ಲಿ ನಾಲ್ಕು ದೊಡ್ಡ ಕವಲು. ಒಂದರ ತವರು ದಕ್ಷಿಣ ಏಷ್ಯಾ, ಒಂದರದು ಹಿಮಾಲಯದ ಸೀಮೆ, ಒಂದು ಇಂಡೋಚೀನಾದ ದಕ್ಷಿಣ, ಇನ್ನೊಂದು ಅದರ ಉತ್ತರದಿಂದ ಪೂರ್ವ ಏಷ್ಯಾದವರೆಗೆ. ಈ ಕವಲು ಒಡೆಯತೊಡಗಿದ್ದು ಮಧ್ಯ ಪ್ಲೀಸ್ಟೊಸೀನ್‌ನ ಆರಂಭದ ಹೊತ್ತಿಗೆ ಇರಬೇಕೆಂದು ಅವರ ಲೆಕ್ಕ. ಆ ಕಾಲಘಟ್ಟ ಶುರುವಾಗುವುದು ಸುಮಾರು 7 ಲಕ್ಷ 70 ಸಾವಿರ ವರ್ಷಗಳ ಹಿಂದೆ, ಹಿಮಯುಗಗಳು ಉದ್ದವೂ ಕಠಿಣವೂ ಆಗತೊಡಗಿದ ಆ ಹೊತ್ತಿನಲ್ಲೇ. ಕಾಡು ಹರಡುವುದು, ಒಡೆಯುವುದು, ಮತ್ತೆ ಹರಡುವುದು ಎಂಬ ಆಟದಲ್ಲಿ ಒಂದು ಇಲಿ ನಾಲ್ಕಾಯಿತು ಎಂಬುದು ನನ್ನ ಮಟ್ಟಿಗೆ ಅತ್ಯಂತ ಒಪ್ಪುವ ವಿವರಣೆ. ನಾಲ್ಕರಲ್ಲಿ ಮೂರು ಕವಲುಗಳ ಮೇಲೆ ಇನ್ನೊಂದು ಗುರುತೂ ಇದೆ. ಇತಿಹಾಸಪೂರ್ವ ಕಾಲದಲ್ಲಿ ಅವುಗಳ ಸಂಖ್ಯೆ ಹಠಾತ್ತನೆ ಉಬ್ಬಿದೆ. ಮನುಷ್ಯನ ಜತೆ ವಾಸ ಕಲಿತದ್ದೂ ಒಂದು ಕಡೆಯಲ್ಲಿ ಅಲ್ಲ, ದೂರದೂರದ ಹಲವು ಕಡೆ ಬೇರೆಬೇರೆಯಾಗಿ ಕಲಿತಿವೆ.

ದಕ್ಷಿಣ ಏಷ್ಯಾದ ಕವಲು, ಯೊಶಿದಾ ಎಣಿಸಿದ 38 ವರ್ಣತಂತುಗಳದ್ದು, ಹಡಗು ಹತ್ತಿತು. 2022ರಲ್ಲಿ ಹೀ ಯು, ಡೇವಿಡ್ ಆರ್ಟನ್ ಮೊದಲಾದವರು ಹಳೆಯ ಇಲಿ ಮೂಳೆಗಳ ಡಿಎನ್‌ಎ ಓದಿ, ಅದು ಯುರೋಪಿಗೆ ಎರಡು ಸಲ ಹೋಯಿತು ಎಂದು ತೋರಿಸಿದರು. ರೋಮನ್ನರ ಕಾಲದಲ್ಲಿ ಒಮ್ಮೆ. ಅವರ ಆಡಳಿತ, ವ್ಯಾಪಾರ ಕುಸಿದಾಗ ಇಲಿಯೂ ಕ್ಷೀಣಿಸಿತು. ಮಧ್ಯಯುಗದಲ್ಲಿ ವ್ಯಾಪಾರ ಚಿಗುರಿದಾಗ ಮತ್ತೊಮ್ಮೆ. ಬಾರ್ಕೂರು ಬಸ್ರೂರುಗಳ ಅಕ್ಕಿ ಹಡಗೇರುತ್ತಿದ್ದ ಕರಾವಳಿಯವರಾದ ನಮಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಹಿಂಟನ್ ಮುಚ್ಚಿದ ಕಡತವೂ ಅದೇ 2011ರಲ್ಲಿ ತೆರೆಯಿತು. ಮರಿ ಪಾಜೆ ಮತ್ತು ಸಂಗಡಿಗರು ದಕ್ಷಿಣ ಭಾರತದಲ್ಲಿ ಮನೆ ಇಲಿ ಮತ್ತು ಸತಾರೆ ಇಲಿ ಒಂದೇ ಸೀಮೆಯಲ್ಲಿ ಬದುಕುತ್ತಿರುವ ಕಡೆ ಎರಡನ್ನೂ ಹೋಲಿಸಿದರು. ತಲೆಬುರುಡೆ ಬೇರೆ, ವರ್ಣತಂತು ಬೇರೆ, ವಂಶವಾಹಿ ಬೇರೆ. ಅಕ್ಕಪಕ್ಕದಲ್ಲಿದ್ದೂ ಬೆರೆತಿಲ್ಲ. ಹಾಗಾಗಿ ಸತಾರೆ ಮನೆ ಇಲಿಯ ಕಾಡು ರೂಪವಲ್ಲ, ಪಶ್ಚಿಮಘಟ್ಟಕ್ಕೇ ಸೇರಿದ, ಕಾಡನ್ನು ಬಿಟ್ಟು ಹೊರಬರದ ಬೇರೊಂದು ಪ್ರಭೇದ. ಒಂದು ಇಲಿ ಊರು ಸೇರಿ ಲೋಕ ಸುತ್ತಿತು, ಅದರ ದಾಯಾದಿ ಕಾಡಿನಲ್ಲೇ ಉಳಿಯಿತು. ಮೈಸೂರಿನ ಮೇವಾ ಸಿಂಗ್ ಮತ್ತು ಸಂಜಯ್ ಮೋಳೂರ್ ಕೊಡಗಿನ ಕಾಡು, ಕಾಫಿ ತೋಟ, ದೇವರಕಾಡುಗಳಲ್ಲಿ ಪೆಟ್ಟಿಗೆ ಬೋನಿಟ್ಟು ಸಣ್ಣ ಸಸ್ತನಿಗಳ ಲೆಕ್ಕ ಹಿಡಿದು 2009ರಲ್ಲಿ ಪ್ರಕಟಿಸಿದ್ದರು. ಆಮೇಲೆ ಉಮಾ ಅವರ ಪ್ರಯೋಗಾಲಯದ ಬಿ. ಆರ್. ಅನ್ಸಿಲ್ ಹಾಸನ ಜಿಲ್ಲೆಯ ಕಾಡುಮನೆಯಲ್ಲಿ, ಕಾಡು, ತೋಟ, ಜನವಸತಿ ಬೆರೆತ ಜಾಗದಲ್ಲಿ, ಇಲಿ ಮೂಗಿಲಿಗಳು ಯಾವ ಬಾರ್ಟೊನೆಲ್ಲಾ ಬ್ಯಾಕ್ಟೀರಿಯಾ ಹೊತ್ತಿವೆ ಎಂದು ಹುಡುಕಿದರು. ಯಾವ ಇಲಿ ಯಾವುದು ಎಂದು ಬಿಡಿಸಿ ತಿಳಿಯುವುದು ಬರಿಯ ಕುತೂಹಲವಲ್ಲ ಎಂಬುದು ಇಲ್ಲಿ ಗೊತ್ತಾಗುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನಕಾಯಿಲೆ ಕೂಡ ಕಾಡಿನ ಸಣ್ಣ ಪ್ರಾಣಿ ಮತ್ತು ಉಣುಗಿನ ನಡುವೆ ತಿರುಗುವ ರೋಗ.

ಮೂಗಿಲಿಯ ಸಾಕ್ಷಿ ಇನ್ನೂ ಬೆರಗಿನದು. ಸಮುದ್ರ ಇಳಿದಿದ್ದಾಗ ಶ್ರೀಲಂಕಾಕ್ಕೆ ನಡೆದುಕೊಂಡೇ ಹೋಗಬಹುದಿತ್ತು. ಪಾಕ್ ಜಲಸಂಧಿಯ ಆಳ ಅಷ್ಟು ಕಡಿಮೆ. ಹಾಗಾಗಿ ಅಲ್ಲಿಯ ಬೆಟ್ಟದ ಮೂಗಿಲಿಯೂ ನೀಲಗಿರಿಯ ಕಪ್ಪು ಮೂಗಿಲಿಯೂ ಒಂದೇ ಎಂದು ಬಹುಕಾಲ ಎಣಿಸಿದ್ದರು. 2008ರಲ್ಲಿ ಶ್ರೀಲಂಕಾದ ಸುಯಾಮಾ ಮೀಗಸ್ಕುಂಬುರ ಡಿಎನ್‌ಎ ನೋಡಿ ಎರಡೂ ಬೇರೆ ಪ್ರಭೇದ ಎಂದರು. ಕಪ್ಪೆ, ಮೀನು, ಏಡಿ, ಮಣ್ಣಿನ ಹಾವುಗಳ ವಿಷಯದಲ್ಲಿ ಫ್ರಾಂಕಿ ಬೊಸುಯ್ಟ್ ಮತ್ತು ಸಂಗಡಿಗರು 2004ರಲ್ಲೇ ಇಂಥದ್ದನ್ನು ಕಂಡಿದ್ದರು. ನೆಲದ ಸೇತುವೆ ಇತ್ತು, ದಾಟಿದವರು ಕಡಿಮೆ. ಕಾರಣ ಅರ್ಥವಾಗುವಂಥದ್ದೇ. ಸಮುದ್ರವನ್ನು ಇಳಿಸಿ ಸೇತುವೆ ತೆರೆದ ಹಿಮಯುಗವೇ ಮಳೆಯನ್ನೂ ಕಿತ್ತುಕೊಂಡಿತ್ತು. ತಂಪು ಬೆಟ್ಟದ ಒದ್ದೆ ಎಲೆಯಡಿ ಬದುಕುವ ಪ್ರಾಣಿಗೆ ಆ ಒಣ ಬಯಲು ಕಡಲಿನಷ್ಟೇ ಅಗಲ.

ಹಿಮ ನಿಜವಾಗಿ ಬೆಳೆದು ಕರಗಿದ ಹಿಮಾಲಯದಲ್ಲೂ ಬೆಂಗಳೂರಿನವರ ಕೆಲಸ ನಡೆದಿದೆ. ಮೊಲದ ನೆಂಟನಾದ, ಅಂಗೈಯಲ್ಲಿ ಹಿಡಿಸುವ ಪೈಕಾ ಎಂಬ ಪ್ರಾಣಿ ಅಲ್ಲಿಯ ಕಲ್ಲುರಾಶಿಗಳಲ್ಲಿದೆ. ಎನ್‌ಸಿಬಿಎಸ್‌ನ ನಿಶ್ಮಾ ದಹಲ್ ಅದರ ಹಿಕ್ಕೆ ಹೆಕ್ಕಿ ತಂದು ಡಿಎನ್‌ಎ ಓದಿದರು. ಚೀನಾದ ಪೈಕಾ ಒಂದರ ಉಪಪ್ರಭೇದ ಎಂದು ಬಗೆದಿದ್ದ ಸಿಕ್ಕಿಮಿನ ಪೈಕಾ ಬೇರೆಯದೇ ಪ್ರಭೇದ ಎಂದು 2017ರಲ್ಲಿ ಸಾರಿದರು. ಚಳಿಗಾಲದಲ್ಲಿ ನಿದ್ದೆ ಹೋಗದೆ ಹುಲ್ಲು ಒಣಗಿಸಿ ಬಣವೆ ಹಾಕಿಕೊಂಡು ಬದುಕುವ ಈ ಪ್ರಾಣಿಗೆ ಬಿಸಿ ತಡೆಯುವುದಿಲ್ಲ. ಬೆಟ್ಟ ಬಿಸಿಯಾದರೆ ಇನ್ನೂ ಮೇಲೆ ಹತ್ತಬೇಕು, ಮೇಲಕ್ಕೆ ಬೆಟ್ಟ ಇರುವಷ್ಟು ಮಾತ್ರ.

ಇಷ್ಟನ್ನೂ ಓದಿದ ಮೇಲೆ ಆಗುಂಬೆಯ ಘಟ್ಟ ನನಗೆ ಬೇರೆಯಾಗಿ ಕಾಣುತ್ತದೆ. ಹಿಮಯುಗದಲ್ಲಿ ಕಾಡು ತುಂಡಾದದ್ದು ಸಾವಿರಾರು ವರ್ಷಗಳಲ್ಲಿ, ಇಲಿಯ ಎಷ್ಟೋ ತಲೆಮಾರುಗಳ ನಿಧಾನದಲ್ಲಿ. ಮಳೆ ಮರಳಿದಾಗ ತುಂಡುಗಳು ಕೂಡಿಕೊಂಡವು. ಈಗ ರಸ್ತೆ, ವಿದ್ಯುತ್ ತಂತಿಯ ಸಾಲು, ರಬ್ಬರ್ ಅಕೇಶಿಯಾ ತೋಟಗಳು ಅದೇ ಕಾಡನ್ನು ಒಂದೆರಡು ದಶಕದಲ್ಲಿ ತುಂಡು ಮಾಡುತ್ತಿವೆ, ಮಳೆ ಎಷ್ಟೇ ಬಂದರೂ ಆ ತುಂಡುಗಳು ಕೂಡುವುದಿಲ್ಲ. ಗೋಫರ್‌ಗೆ ಆದದ್ದು ಸತಾರೆ ಇಲಿಗೆ, ಕಾಡಿನ ಮೂಗಿಲಿಗೆ ಆಗಲು ಹಿಮಯುಗ ಬೇಕಿಲ್ಲ. ಅಟ್ಟದ ಇಲಿ ಎಲ್ಲಾದರೂ ಬದುಕಿಕೊಳ್ಳುತ್ತದೆ. ಕಾಡಿನ ದಾಯಾದಿಗೆ ಆ ಅನುಕೂಲವಿಲ್ಲ.

ಕೊಕ್ಕರ್ಣೆಯಿಂದ ಹೆಬ್ರಿ ಸೋಮೇಶ್ವರದವರೆಗಿನ ಗ್ರಾಮಸಭೆಗಳಲ್ಲಿ ಕೂರುವ ನನ್ನ ಊರಿನವರಲ್ಲಿ, ಅರಣ್ಯ ಇಲಾಖೆಯಲ್ಲಿ ನನ್ನದೊಂದು ಬೇಡಿಕೆ ಇದೆ. ಗದ್ದೆಯಂಚಿನ ಹಾಡಿ, ನಾಗಬನ, ತೊರೆಯ ಬದಿಯ ಮರದ ಸಾಲು, ಇವನ್ನು ಕಡಿಯುವ ಪ್ರಸ್ತಾವ ಬಂದಾಗ ಅಲ್ಲಿ ಹುಲಿ ಇದೆಯೇ, ಕಾಟಿ ಇದೆಯೇ ಎಂದು ಕೇಳುವ ಜತೆಗೆ ಕಾಡಿಲಿ ಮೂಗಿಲಿಗಳಿಗೆ ಈ ತುಂಡಿನಿಂದ ಆ ತುಂಡಿಗೆ ಹೋಗಲು ದಾರಿ ಉಳಿಯುತ್ತದೆಯೇ ಎಂದೂ ಕೇಳಿ. ರಸ್ತೆ ಮಾಡುವಾಗ ಅಡಿಯಲ್ಲಿ ಒಂದು ಮೋರಿ ಹೆಚ್ಚು ಇಡಿಸಿ, ಹಾಡಿಯಿಂದ ಹಾಡಿಗೆ ಪೊದೆಯ ಒಂದು ಬೇಲಿಯನ್ನಾದರೂ ಉಳಿಸಿ.